ಅಕ್ಕಿಕಾಳೋ, ಧೂಳೋ? ಚರ್ಮದಡಿಯ ಚಿಪ್‌ನ ಅಳತೆಯ ಗೊಂದಲ

ಚರ್ಮದ ಕೆಳಗೆ ಹಾಕುವ ಮೈಕ್ರೋಚಿಪ್ ಎಷ್ಟು ದೊಡ್ಡದಿರುತ್ತದೆ? ಪೇಪರು, ಟಿವಿ, ವಾಟ್ಸಾಪ್ ಮೂರನ್ನೂ ಕೇಳಿದರೆ ಕನಿಷ್ಠ ನಾಲ್ಕು ಉತ್ತರ ಸಿಗುತ್ತವೆ. ಅಕ್ಕಿಕಾಳಿನಷ್ಟು. ಕೂದಲಿಗಿಂತ ಸಣ್ಣದು. ಧೂಳಿನ ಹಾಗಿರುತ್ತದೆ. ಕಣ್ಣಿಗೇ ಕಾಣಲ್ಲ, ಅದು ನ್ಯಾನೋ ಚಿಪ್. ತಮಾಷೆ ಅಂದರೆ, ಮೊದಲ ಮೂರನ್ನು ಯಾರೂ ಸುಮ್ನೆ ಕಟ್ಟಿ ಹೇಳಿದ್ದಲ್ಲ. ಅವುಗಳ ಹಿಂದೆ ನಿಜವಾದ ವಸ್ತುಗಳಿವೆ, ನಿಜವಾದ ಅಳತೆಗಳಿವೆ. ಆದರೆ ಅವೆಲ್ಲ ಒಂದೇ ವಸ್ತುವಿನ ಅಳತೆಗಳಲ್ಲ. ಒಂದರ ಅಳತೆ ಕಿತ್ತು ಇನ್ನೊಂದಕ್ಕೆ ಅಂಟಿಸಿದಾಗ ಸುದ್ದಿ ಹುಟ್ಟುತ್ತದೆ. ಆಮೇಲೆ ಆ ಸುದ್ದಿಯಿಂದ ಹೆದರಿಕೆ.

2021ರಲ್ಲಿ ಕೋವಿಡ್ ಲಸಿಕೆ ಹಾಕುತ್ತಿದ್ದಾಗ ಈ ಹೆದರಿಕೆ ಮಲೆನಾಡಿನ ಒಂಟಿ ಮನೆಗಳವರೆಗೂ ಬಂದಿತ್ತು. ಹೊಸನಗರ, ತೀರ್ಥಹಳ್ಳಿ ಕಡೆ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಾದ ಊರುಗಳಿವೆ. ಅಂಥ ಕಡೆಯೂ "ಸೂಜಿ ಒಳಗೆ ಚಿಪ್ ಇಡ್ತಾರಂತೆ, ನಾವೆಲ್ಲಿ ಹೋದ್ರೂ ಗೊತ್ತಾಗ್ತದಂತೆ ಮಾರಾಯ್ರೆ" ಅನ್ನುವ ಮಾತು ಓಡಾಡಿತು. ಕೈಯಲ್ಲಿರುವ ಫೋನಿಗೇ ಸಿಗ್ನಲ್ ಸಿಗದ ಜಾಗದಲ್ಲಿ ತೋಳಿನೊಳಗಿನ ಧೂಳಿಗೆ ಅದು ಹೇಗೆ ಸಿಗುತ್ತದೋ! ನಕ್ಕು ಸುಮ್ಮನಾಗಬಹುದು. ಆದರೆ ಹಾಗೆ ಹೆದರಿದವರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ಧೂಳಿನಷ್ಟು ಸಣ್ಣ ಚಿಪ್ ಇದೆ ಅಂತ ಸುದ್ದಿ ಬಂದದ್ದು ನಿಜ. ಸೂಜಿಯಲ್ಲಿ ಮೈಗೆ ಚಿಪ್ ಹಾಕುತ್ತಾರೆ ಅಂತ ಬಂದದ್ದೂ ನಿಜ. ಎರಡನ್ನೂ ಕೂಡಿಸಿದರೆ ಯಾರಿಗಾದರೂ ಬರುವ ಉತ್ತರ ಅದೇ. ಎಡವಟ್ಟು ಇರುವುದು ಆ ಕೂಡಿಸುವಿಕೆಯಲ್ಲಿ.

ಯಾವ ಅಕ್ಕಿ?

ಮೊದಲು ಅಕ್ಕಿಕಾಳಿನ ಲೆಕ್ಕ ಮುಗಿಸೋಣ. ಇದು ಇಂಗ್ಲಿಷ್ ಸುದ್ದಿಗಳಿಂದ ನಮ್ಮ ಪೇಪರುಗಳಿಗೆ ಬಂದು ಕೂತ ಅಳತೆ. ನಾಯಿ, ಬೆಕ್ಕುಗಳಿಗೆ ಹಾಕುವ ಚಿಪ್ ಸಾಮಾನ್ಯವಾಗಿ 12 ಮಿಲಿಮೀಟರ್ ಉದ್ದ ಇರುತ್ತದೆ. ದಪ್ಪ 2 ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ಈಗೀಗ 8 ಮಿಲಿಮೀಟರ್ ಉದ್ದದ, 1.4 ಮಿಲಿಮೀಟರ್ ದಪ್ಪದ ಪುಟ್ಟ ಬಗೆಯೂ ಸಿಗುತ್ತದೆ. ಈಗ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿ ತೆಗೆದು, ಮಕ್ಕಳ ಸ್ಕೇಲ್ ಇಟ್ಟು ನೋಡಿ. ಸೋನಾ ಮಸೂರಿಯ ಕಾಳು 5 ಮಿಲಿಮೀಟರ್ ಆಸುಪಾಸು ಬರುತ್ತದೆ. ಜೀರಿಗೆ ಸಣ್ಣ ಅಕ್ಕಿಯಾದರೆ ಅದಕ್ಕಿಂತಲೂ ಪುಟ್ಟದು. ಉದ್ದಕ್ಕೇ ಹೆಸರಾದ ಬಾಸ್ಮತಿ ಕೂಡ ಬೇಯಿಸುವ ಮುಂಚೆ 7–8 ಮಿಲಿಮೀಟರ್ ಅಷ್ಟೆ. ಬಿರಿಯಾನಿ ತಟ್ಟೆಯಲ್ಲಿ ಬೆಂದು ಉದ್ದವಾದ ಬಾಸ್ಮತಿಯ ಅಗುಳು ಇದೆಯಲ್ಲ, ಅದು ಸರಿಯಾದ ಅಳತೆ.

ಉದ್ದದ ಜೊತೆ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಾಮೂಲಿ ನಾಯಿ ಚಿಪ್ ಒಂದು ಸೋನಾ ಮಸೂರಿ ಕಾಳಿನ ನಾಲ್ಕೈದು ಪಟ್ಟು ಆಗುತ್ತದೆ. ಅಂದರೆ ಪೇಪರಿನ "ಅಕ್ಕಿಕಾಳು" ಸುಳ್ಳಲ್ಲ, ಸ್ವಲ್ಪ ಧಾರಾಳದ ಮಾತು. ಆದರೂ ಉಳಿದ ಉತ್ತರಗಳ ಪಕ್ಕದಲ್ಲಿಟ್ಟರೆ ಇದೇ ಹೆಚ್ಚು ಪ್ರಾಮಾಣಿಕ. ಯಾಕೆಂದರೆ ಇದು ಮೈಯೊಳಗೆ ನಿಜವಾಗಿ ಹೋಗುವ ಇಡೀ ವಸ್ತುವಿನ ಅಳತೆ.

ಶಿವಮೊಗ್ಗದ ವಿನೋಬನಗರದಲ್ಲಿ ಪಕ್ಕದ ಮನೆಯ ಲ್ಯಾಬ್ರಡಾರ್‌ಗೆ ಚಿಪ್ ಹಾಕಿಸುವಾಗ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಪೊಟ್ಟಣ ಬಿಚ್ಚಿದರು. ಒಳಗೆ ಚಿಪ್ ತುಂಬಿಸಿಯೇ ಇಟ್ಟ ಸಿರಿಂಜ್, ಜೊತೆಗೆ ಹದಿನೈದು ಅಂಕಿ ಅಚ್ಚಾದ ಬಾರ್‌ಕೋಡ್ ಸ್ಟಿಕ್ಕರ್‌ಗಳು. ಸೂಜಿಯ ಮುಚ್ಚಳ ತೆಗೆದಾಗ ನಾಯಿಯ ಒಡತಿ ಒಂದು ಹೆಜ್ಜೆ ಹಿಂದೆ ಹೋದರು. "ಅಯ್ಯೋ ಡಾಕ್ಟ್ರೇ, ಇದೆಂತ ಸೂಜಿ, ದಬ್ಬಣ ಇದ್ದಂಗಿದೆಯಲ್ಲ!" ಎಂದರು. ಅವರ ಮಾತು ತಪ್ಪಲ್ಲ. ಸೂಜಿಯ ತುದಿಯ ತೂತು ಬರಿಗಣ್ಣಿಗೆ ಚೆನ್ನಾಗಿ ಕಾಣುವಷ್ಟು ದೊಡ್ಡದಿತ್ತು. ಡಾಕ್ಟರು ಮೊದಲು ಸಿರಿಂಜ್ ಮೇಲೆಯೇ ಸ್ಕ್ಯಾನರ್ ಆಡಿಸಿದರು. ಬೀಪ್ ಎಂದು ನಂಬರ್ ಬಂತು, ಸ್ಟಿಕ್ಕರ್ ಜೊತೆ ತಾಳೆ ನೋಡಿದರು. ನಾಯಿಯ ಎರಡು ಭುಜಗಳ ನಡುವಿನ ಸಡಿಲ ಚರ್ಮ ಎತ್ತಿ ಹಿಡಿದು ಚುಚ್ಚಿದರು. ನಾಯಿ ಒಮ್ಮೆ ತಿರುಗಿ ನೋಡಿತು, ಅಷ್ಟೇ. ಮತ್ತೆ ಸ್ಕ್ಯಾನರ್ ಹಿಡಿದರು. ಒಂದು ಗೇಣು ದೂರದಲ್ಲಿ ಹಿಡಿದಾಗ ಏನೂ ಇಲ್ಲ. ಕೂದಲಿಗೆ ತಾಗುವಷ್ಟು ಹತ್ತಿರ ತಂದಾಗ ಅದೇ ಹದಿನೈದು ಅಂಕಿ.

ಅಲ್ಲಿಗೆ ಆ ಚಿಪ್‌ನ ಇಡೀ ಕೆಲಸ ಮುಗಿಯಿತು. ನಾಯಿಯ ಹೆಸರು, ಮನೆ ವಿಳಾಸ, ಫೋನ್ ನಂಬರ್ ಯಾವುದೂ ಅದರೊಳಗಿಲ್ಲ. ಅವೆಲ್ಲ ಬೇರೆ ಕಡೆ, ನೋಂದಣಿ ಮಾಡಿದ ಕಂಪ್ಯೂಟರಿನಲ್ಲಿ ಇರುತ್ತವೆ. ನೋಂದಣಿ ಮಾಡಿಸದಿದ್ದರೆ ಚಿಪ್ ಹಾಕಿಸಿದ್ದೇ ದಂಡ. ಕಳೆದುಹೋದ ನಾಯಿ ಸಿಕ್ಕವರಿಗೆ ಬರೀ ಒಂದು ನಂಬರ್ ಸಿಗುತ್ತದೆ, ಆ ನಂಬರ್ ಯಾರದು ಅಂತ ಗೊತ್ತಾಗುವುದಿಲ್ಲ.

ಗಾಜಿನೊಳಗೆ ಏನಿದೆ

ಈಗ ಆ 12 ಮಿಲಿಮೀಟರ್ ಒಳಗೆ ಇಣುಕೋಣ. ಗೊಂದಲದ ಬೇರು ಇರುವುದು ಇಲ್ಲೇ.

ಹೊರಗಿನದು ಗಾಜಿನ ಕೊಳವೆ, ದೇಹಕ್ಕೆ ಒಗ್ಗುವ ವಿಶೇಷ ಗಾಜು. ಒಳಗೆ ಜಾಸ್ತಿ ಜಾಗ ಹಿಡಿದಿರುವುದು ಚಿಪ್ ಅಲ್ಲ, ತಾಮ್ರದ ತಂತಿ. ಫೆರೈಟ್ ಅನ್ನುವ ಕಪ್ಪು ಕಾಂತೀಯ ವಸ್ತುವಿನ ಸಣ್ಣ ಕಡ್ಡಿ ಇರುತ್ತದೆ. ಅದರ ಸುತ್ತ ಕೂದಲಿಗಿಂತ ತೆಳುವಾದ ತಂತಿಯನ್ನು ನೂರಾರು ಸುತ್ತು ಸುತ್ತಿರುತ್ತಾರೆ. ಇದೇ ಆಂಟೆನಾ. ಕಡ್ಡಿಯ ಒಂದು ತುದಿಯಲ್ಲಿ ಸಿಲಿಕಾನ್‌ನ ಒಂದು ಚೂರು ಕೂತಿರುತ್ತದೆ. ನಿಜವಾದ ಅರ್ಥದಲ್ಲಿ ಚಿಪ್ ಅಂದರೆ ಆ ಚೂರು ಮಾತ್ರ. ನಾವು ಮಾತಿನಲ್ಲಿ ಇಡೀ ಗಾಜಿನ ಕೊಳವೆಯನ್ನೇ ಚಿಪ್ ಅನ್ನುತ್ತೇವೆ. ವರದಿ ಬರೆಯುವವರೂ ಹಾಗೇ ಬರೆಯುತ್ತಾರೆ. ಹಾಗಾಗಿ ಒಂದು ಸುದ್ದಿಯಲ್ಲಿ ಗಾಜಿನ ಅಳತೆ, ಇನ್ನೊಂದರಲ್ಲಿ ಸಿಲಿಕಾನ್ ಚೂರಿನ ಅಳತೆ. ಎರಡಕ್ಕೂ ಒಂದೇ ಹೆಸರು.

ಈ ವ್ಯತ್ಯಾಸ ಕಣ್ಣಾರೆ ನೋಡಬೇಕೆಂದರೆ ನಾಯಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಸಾಕು. ನಾಯಿ ಚಿಪ್‌ನ ಹಾಗೆ ಅದೂ ಆರ್‌ಎಫ್‌ಐಡಿ ಸಾಧನವೇ, ಬ್ಯಾಟರಿ ಇಲ್ಲದೆ ರೇಡಿಯೋ ಅಲೆಯಿಂದಲೇ ಕೆಲಸ ಮಾಡುವಂಥದ್ದು. ಹಳೇ ಟ್ಯಾಗ್ ಬದಲಿಸುವಾಗ ಅದನ್ನು ಬಿಡಿಸಿ ನೋಡಿ. ಕಾಗದದ ಕೆಳಗೆ ಬೆಳ್ಳಿ ಬಣ್ಣದ ತೆಳು ಲೋಹದ ಗೆರೆಗಳು ಅಂಕುಡೊಂಕಾಗಿ ಅತ್ತಿತ್ತ ಹರಡಿರುತ್ತವೆ. ಮಧ್ಯದಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ಒಂದು ಕಪ್ಪು ಚುಕ್ಕಿ. ಚುಕ್ಕಿ ಚಿಪ್, ಗೆರೆ ಆಂಟೆನಾ. ಬೆಂಗಳೂರಿಗೆ ಹೋಗುವಾಗ ಟೋಲ್ ಗೇಟಿನ ಮೇಲಿನ ರೀಡರ್ ನಿಮ್ಮ ಕಾರನ್ನು ಕೆಲವು ಮೀಟರ್ ದೂರದಿಂದ ಗುರುತಿಸುತ್ತದಲ್ಲ, ಅದು ಆ ಗೆರೆಗಳ ಕೃಪೆ.

ಒಮ್ಮೆ ಕಿತ್ತ ಫಾಸ್ಟ್ಯಾಗ್ ಇನ್ನೊಂದು ಕಾರಿಗೆ ಅಂಟಿಸಿದರೆ ಕೆಲಸ ಮಾಡುವುದಿಲ್ಲ. ಕೀಳುವಾಗ ಆಂಟೆನಾ ಹರಿದುಹೋಗುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಮಧ್ಯದ ಚಿಪ್‌ಗೆ ಏನೂ ಆಗಿರುವುದಿಲ್ಲ. ಅದರೊಳಗಿನ ನಂಬರ್ ಹಾಗೇ ಇರುತ್ತದೆ. ಆದರೆ ಆಂಟೆನಾ ಹರಿದ ಮೇಲೆ ಆ ಚುಕ್ಕಿಗೆ ವಿದ್ಯುತ್ತೂ ಇಲ್ಲ, ಮಾತೂ ಇಲ್ಲ. ಟೋಲ್‌ನಲ್ಲಿ ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ, ಅಷ್ಟೇ.

ಜಪಾನಿನ ಪುಡಿ

ಧೂಳಿನ ಕಥೆ ಶುರುವಾದದ್ದು ಜಪಾನಿನ ಹಿಟಾಚಿ ಕಂಪನಿಯಿಂದ. 2001ರಲ್ಲಿ ಅವರು ಮ್ಯೂ-ಚಿಪ್ ಅನ್ನುವ ಆರ್‌ಎಫ್‌ಐಡಿ ಚಿಪ್ ತೋರಿಸಿದರು. 0.4 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಒಳಗೆ 128 ಬಿಟ್‌ನ ಒಂದು ನಂಬರ್, ಬದಲಾಯಿಸಲು ಬರದಂಥದ್ದು. ಕಾಗದದೊಳಗೆ ಸೇರಿಸಿ ನಕಲಿ ಟಿಕೆಟ್, ನಕಲಿ ಪತ್ರಗಳನ್ನು ಹಿಡಿಯುವುದು ಉದ್ದೇಶ. 2005ರಲ್ಲಿ ಜಪಾನಿನ ಐಚಿಯಲ್ಲಿ ನಡೆದ ವಿಶ್ವ ಪ್ರದರ್ಶನದ ಪ್ರವೇಶ ಟಿಕೆಟ್‌ಗಳಲ್ಲಿ ಇದನ್ನು ಬಳಸಿದರು. ಮರುವರ್ಷ 0.15 ಮಿಲಿಮೀಟರಿನದು ಬಂತು. 2007ರಲ್ಲಿ ಇನ್ನೂ ಸಣ್ಣದು: 0.05 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಕೂದಲಿನ ಪಕ್ಕದಲ್ಲಿ ಈ ಚಿಪ್‌ಗಳನ್ನು ಚೆಲ್ಲಿ ತೆಗೆದ ಫೋಟೋ ಜಗತ್ತಿನ ಪೇಪರುಗಳಲ್ಲೆಲ್ಲ ಬಂತು. "ಪುಡಿ ಚಿಪ್" ಅನ್ನುವ ಹೆಸರೂ ಬಂತು.

ಫೋಟೋದಲ್ಲಿ ಇಲ್ಲದ್ದು ಆಂಟೆನಾ. ಮ್ಯೂ-ಚಿಪ್ ಅನ್ನು ಒಂದಿಷ್ಟು ದೂರದಿಂದ ಓದಬೇಕಾದರೆ ಅದಕ್ಕೆ ಐದು ಸೆಂಟಿಮೀಟರಿನಷ್ಟು ಉದ್ದದ ಲೋಹದ ಪಟ್ಟಿ ಜೋಡಿಸಬೇಕಿತ್ತು. ಟಿಕೆಟ್ ಕಾಗದದಲ್ಲಿ ಅದಕ್ಕೆ ಜಾಗ ಇದೆ. ತೋಳಿನ ಮಾಂಸದಲ್ಲಿ ಎಲ್ಲಿದೆ? ಆಂಟೆನಾವನ್ನು ಚಿಪ್ ಮೇಲೆಯೇ ಕೊರೆದ ಬಗೆಯೂ ಬಂತು. ಆದರೆ ಅದನ್ನು ಓದಬೇಕಾದರೆ ರೀಡರನ್ನು ಬಹುತೇಕ ತಾಗಿಸಿಯೇ ಹಿಡಿಯಬೇಕು.

ಈಗ ಎರಡೂ ಸುದ್ದಿಗಳನ್ನು ಪಕ್ಕಪಕ್ಕ ಇಡಿ. ನಾಯಿಗೆ ಹಾಕುವ ಗಾಜಿನ ಕೊಳವೆ, ಜಪಾನಿನ ಪುಡಿಯ ಒಂದು ಕಣ. ಉದ್ದದಲ್ಲಿ 240 ಪಟ್ಟು ವ್ಯತ್ಯಾಸ. ಗಾತ್ರದಲ್ಲಿ ಲೆಕ್ಕ ಹಾಕಿದರೆ ಮೂವತ್ತು ಲಕ್ಷ ಪಟ್ಟು ದಾಟುತ್ತದೆ, ಯಾಕೆಂದರೆ ಆ ಪುಡಿಯ ದಪ್ಪ ಮಿಲಿಮೀಟರಿನ ಇನ್ನೂರನೇ ಒಂದು ಭಾಗ. ಎರಡಕ್ಕೂ ಶೀರ್ಷಿಕೆಯಲ್ಲಿ "ಆರ್‌ಎಫ್‌ಐಡಿ ಚಿಪ್" ಎಂದೇ ಇರುತ್ತದೆ. ಮೂವತ್ತು ಲಕ್ಷ ಪಟ್ಟು ಬೇರೆ ಇರುವ ಎರಡು ವಸ್ತುಗಳನ್ನು ಒಂದೇ ಅಂದುಕೊಂಡರೆ ಉಳಿದ ಲೆಕ್ಕ ಸರಿ ಬರುವುದಾದರೂ ಹೇಗೆ, ಅಲ್ವಾ?

ಚಿಪ್ ಸಣ್ಣದಾದ ಹಾಗೆ ಆಂಟೆನಾವನ್ನೂ ಸಣ್ಣದು ಮಾಡಿದರಾಯಿತಲ್ಲ ಅನ್ನಬಹುದು. ಇಲ್ಲಿ ಭೌತಶಾಸ್ತ್ರ ಅಡ್ಡ ನಿಲ್ಲುತ್ತದೆ. ಬ್ಯಾಟರಿ ಇಲ್ಲದ ಚಿಪ್‌ಗೆ ವಿದ್ಯುತ್ ಹೊರಗಿನಿಂದಲೇ ಬರಬೇಕು. ಸ್ಕ್ಯಾನರಿನೊಳಗೆ ಒಂದು ದೊಡ್ಡ ಸುರುಳಿ ಇರುತ್ತದೆ. ಅದು ತನ್ನ ಸುತ್ತ ಸೆಕೆಂಡಿಗೆ 1,34,200 ಸಲ ಹಿಂದೆ ಮುಂದೆ ತೂಗುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಪ್ರಾಣಿಗಳ ಚಿಪ್‌ಗೆ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ 134.2 ಕಿಲೋಹರ್ಟ್ಸ್ ಅಂದರೆ ಇದೇ. ಆ ಕ್ಷೇತ್ರ ಗಾಜಿನೊಳಗಿನ ಪುಟ್ಟ ಸುರುಳಿಯ ಮೂಲಕ ಹಾದಾಗ ಅಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ಎಷ್ಟು ಹುಟ್ಟುತ್ತದೆ ಅನ್ನುವುದು ಸುರುಳಿಯ ಸುತ್ತುಗಳ ಸಂಖ್ಯೆ ಮತ್ತು ಅದರ ಅಗಲದ ಮೇಲೆ ನಿಂತಿದೆ. ಸುರುಳಿಯ ಅಗಲವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಅದರ ಬಾಯಿಯ ವಿಸ್ತೀರ್ಣ ನೂರನೇ ಒಂದಕ್ಕೆ ಇಳಿಯುತ್ತದೆ. ಸಿಗುವ ವಿದ್ಯುತ್ತೂ ಅದರ ಜೊತೆ ಕುಸಿಯುತ್ತದೆ. ಅದಕ್ಕೇ ಫೆರೈಟ್ ಕಡ್ಡಿ ಇಟ್ಟು, ನೂರಾರು ಸುತ್ತು ಸುತ್ತಿ ಹೇಗೋ ಸರಿದೂಗಿಸುತ್ತಾರೆ.

ದೂರದ ಲೆಕ್ಕ ಇನ್ನೂ ಕಠಿಣ. ಸ್ಕ್ಯಾನರ್ ದೂರ ಹೋದ ಹಾಗೆ ಆ ಕಾಂತಕ್ಷೇತ್ರ ದೂರದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು, ಹತ್ತು ಪಟ್ಟಾದರೆ ಸಾವಿರದ ಒಂದು ಪಾಲು. ಲ್ಯಾಬ್ರಡಾರ್‌ನ ಚಿಪ್ ಗೇಣು ದೂರದಲ್ಲಿ ಸುಮ್ಮನಿದ್ದು, ಕೂದಲು ತಾಗಿದಾಗ ಮಾತಾಡಿದ್ದು ಇದೇ ಕಾರಣಕ್ಕೆ.

ಹಾಗಾದರೆ ಮ್ಯೂ-ಚಿಪ್‌ನ ಹಾಗೆ ಹೆಚ್ಚಿನ ಕಂಪನಾಂಕ ಬಳಸಬಹುದಲ್ಲ? ಅದು ಕೆಲಸ ಮಾಡುತ್ತಿದ್ದದ್ದು 2.45 ಗಿಗಾಹರ್ಟ್ಸ್‌ನಲ್ಲಿ. ನಮ್ಮ ಮನೆಯ ಮೈಕ್ರೋವೇವ್ ಒಲೆಯದ್ದೂ ಅದೇ ಕಂಪನಾಂಕ. ನೀರಿರುವ ಪದಾರ್ಥ ಆ ಅಲೆಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಒಲೆಯಲ್ಲಿ ಸಾರು ಬಿಸಿಯಾಗುವುದು ಅದರಿಂದಲೇ. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದು. ಒಣ ಕಾಗದದಲ್ಲಿ ಸರಾಗ ಓಡುವ ಸಿಗ್ನಲ್ ಮೈಯೊಳಗೆ ಹೋದರೆ ದಾರಿಯಲ್ಲೇ ಸೊರಗುತ್ತದೆ. ಮೈಯೊಳಗಿನ ಚಿಪ್‌ಗೆ ಕಡಿಮೆ ಕಂಪನಾಂಕ ಬೇಕು, ಕಡಿಮೆ ಕಂಪನಾಂಕಕ್ಕೆ ಸುರುಳಿ ಬೇಕು, ಸುರುಳಿಗೆ ಜಾಗ ಬೇಕು. ನಾಯಿ ಚಿಪ್ ಇಪ್ಪತ್ತು ವರ್ಷದಿಂದ ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ನಿಂತಿರುವುದಕ್ಕೆ ಕಾರಣ ಇದು. ಸಿಲಿಕಾನ್ ಎಷ್ಟೇ ಕುಗ್ಗಲಿ, ತಾಮ್ರ ಕುಗ್ಗಲು ಒಪ್ಪುವುದಿಲ್ಲ.

ಸೂಜಿಯ ತೂತು

ಇನ್ನು ಲಸಿಕೆಯ ಪ್ರಶ್ನೆ. ಸೂಜಿಗಳ ದಪ್ಪವನ್ನು ಗೇಜ್ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಜಾಸ್ತಿಯಾದಷ್ಟೂ ಸೂಜಿ ತೆಳು. ಮಾಮೂಲಿ ನಾಯಿ ಚಿಪ್‌ಗೆ ಬೇಕಾದದ್ದು 12 ಗೇಜ್. ಅದರ ಹೊರದಪ್ಪ 2.7 ಮಿಲಿಮೀಟರ್ ದಾಟುತ್ತದೆ. ದಬ್ಬಣ ಅಂತ ಹೆದರಿದ್ದು ಇದಕ್ಕೇ. ತೋಳಿಗೆ ಲಸಿಕೆ ಚುಚ್ಚುವುದು ಸಾಮಾನ್ಯವಾಗಿ 23ರಿಂದ 25 ಗೇಜ್ ಸೂಜಿಯಲ್ಲಿ. ಅದರ ಒಳಗಿನ ತೂತು ಹೆಚ್ಚೆಂದರೆ ಮೂರನೇ ಒಂದು ಮಿಲಿಮೀಟರ್.

ಆ ತೂತಿನಲ್ಲಿ 2 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ ಹೋಗುವ ಮಾತೇ ಇಲ್ಲ. 1.4 ಮಿಲಿಮೀಟರಿನ ಪುಟ್ಟ ಬಗೆಯೂ ಹೋಗುವುದಿಲ್ಲ. 0.4 ಮಿಲಿಮೀಟರಿನ ಹಳೇ ಮ್ಯೂ-ಚಿಪ್ ಆಂಟೆನಾ ಇಲ್ಲದೆ ಬರೀ ಸಿಲಿಕಾನ್ ಆಗಿದ್ದರೂ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. 0.05 ಮಿಲಿಮೀಟರಿನ ಪುಡಿ? ಅದು ಹೋಗುತ್ತದೆ. ಸಲೀಸಾಗಿ ಹೋಗುತ್ತದೆ. ಆದರೆ ಆಂಟೆನಾ ಇಲ್ಲದೆ ಹೋಗುತ್ತದೆ. ಒಳಗೆ ಸೇರಿದ ಮೇಲೆ ಅದು ಕಿತ್ತ ಫಾಸ್ಟ್ಯಾಗ್‌ನ ಮಧ್ಯದ ಚುಕ್ಕಿಯ ಸ್ಥಿತಿಯಲ್ಲೇ ಇರುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಬೆಂಕಿಗೆ ತುಪ್ಪ ಸುರಿದಿತ್ತು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಲಸಿಕೆಯ ಜೊತೆಗೇ ಚರ್ಮದಲ್ಲಿ ಒಂದು ಬಗೆಯ ಬಣ್ಣ ಬಿಡುವ ವಿಧಾನ. ಬರಿಗಣ್ಣಿಗೆ ಕಾಣದ, ಕ್ಯಾಮೆರಾ ಬದಲಿಸಿದ ಫೋನ್ ಹಿಡಿದರೆ ಹೊಳೆಯುವ ಚುಕ್ಕಿಗಳು. ಕಾಗದದ ದಾಖಲೆ ಉಳಿಯದ ಊರುಗಳಲ್ಲಿ ಮಗುವಿಗೆ ಲಸಿಕೆ ಆಗಿದೆಯೋ ಇಲ್ಲವೋ ತಿಳಿಯಲು. ಬಿಲ್ ಗೇಟ್ಸ್ ಅವರ ಪ್ರತಿಷ್ಠಾನ ಹಣ ಕೊಟ್ಟಿತ್ತು. ಅದರ ಕಣಗಳ ಅಳತೆಯನ್ನು ನ್ಯಾನೋಮೀಟರ್‌ಗಳಲ್ಲಿ ಹೇಳಿದ್ದರು. ಬಣ್ಣ, ಲಸಿಕೆ, ಗೇಟ್ಸ್, ನ್ಯಾನೋ, ಈ ನಾಲ್ಕೂ ವಾಟ್ಸಾಪ್ ಪಾತ್ರೆಗೆ ಬಿದ್ದು ಹೊರಬಂದದ್ದು "ಗೇಟ್ಸ್‌ನ ನ್ಯಾನೋ ಚಿಪ್". ಅಲ್ಲಿ ಚಿಪ್ಪೂ ಇರಲಿಲ್ಲ, ರೇಡಿಯೋವೂ ಇರಲಿಲ್ಲ. ಆ ಬಣ್ಣ ಕೋವಿಡ್ ಲಸಿಕೆಯಲ್ಲೂ ಇರಲಿಲ್ಲ.

ನ್ಯಾನೋ ಅನ್ನುವುದು ನಮ್ಮ ಟಿವಿಗಳಿಗೆ ಮೊದಲಿನಿಂದಲೂ ಇಷ್ಟ. 2016ರ ನವೆಂಬರ್ ನೆನಪಿದೆಯಲ್ಲ? ಹೊಸ 2,000 ರೂಪಾಯಿ ನೋಟಿನಲ್ಲಿ "ನ್ಯಾನೋ ಜಿಪಿಎಸ್ ಚಿಪ್" ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ಹಾಕಿ ತೋರಿಸಿದರು. ಸರ್ಕಾರ ಇಲ್ಲ ಅಂತ ಹೇಳಿತು. ಆದರೂ ಬಹಳ ದಿನ ಜನ ನೋಟನ್ನು ಬೆಳಕಿಗೆ ಹಿಡಿದು ನೋಡಿದರು. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ. ಅವು ನಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ, ಬರೀ ಸಮಯದ ಸಿಗ್ನಲ್ ಕಳಿಸುತ್ತವೆ. ಅದನ್ನು ಹಿಡಿದು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುವುದು ಫೋನಿನ ಕೆಲಸ, ಅದಕ್ಕೆ ಬ್ಯಾಟರಿ ಬೇಕು. ಆ ಜಾಗವನ್ನು ಬೇರೆಯವರಿಗೆ ತಿಳಿಸಲು ಮತ್ತೆ ಮೊಬೈಲ್ ಟವರ್ ಬೇಕು, ಇನ್ನಷ್ಟು ಬ್ಯಾಟರಿ ಬೇಕು. ಜಿಪಿಎಸ್ ಹಾಕಿಕೊಂಡು ಆಗುಂಬೆ ಘಾಟಿ ಇಳಿದವರಿಗೆ ಫೋನ್ ಎಷ್ಟು ಬೇಗ ಬರಿದಾಗುತ್ತದೆ ಅಂತ ಗೊತ್ತು. ನೋಟಿನೊಳಗೆ ಆರ್‌ಎಫ್‌ಐಡಿ ಚಿಪ್ ಇಡುವುದು ಅಸಾಧ್ಯವೇನಲ್ಲ, ಕಾಗದದೊಳಗೆ ಸೇರಿಸಲೆಂದೇ ಹಿಟಾಚಿ ಅದನ್ನು ಮಾಡಿದ್ದು. ಆದರೆ ಇಟ್ಟರೂ ಅದು ಹೇಳುವುದು ತನ್ನ ನಂಬರನ್ನು, ಅದೂ ಹತ್ತಿರ ಹಿಡಿದ ರೀಡರಿಗೆ.

ಫೋನಿನ ಜಾಹೀರಾತಿನಲ್ಲಿ ಬರುವ "3 ನ್ಯಾನೋಮೀಟರ್ ಚಿಪ್" ಕೂಡ ಇದೇ ಜಾತಿಯ ಗೊಂದಲ. ಅದು ತಯಾರಿಕೆಯ ತಲೆಮಾರಿಗೆ ಇಟ್ಟ ಹೆಸರು. ಆ ಚಿಪ್ ಬೆರಳಿನ ಉಗುರಿನಷ್ಟು ಇರುತ್ತದೆ.

ಬಿಡಾರದ ಆನೆ, ಕಾಡಿನ ಆನೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿದರೆ ಸಕ್ರೆಬೈಲು ಆನೆ ಬಿಡಾರ. ಬೆಳಿಗ್ಗೆ ಹೊತ್ತು ಮಾವುತರು, ಕಾವಾಡಿಗರು ಆನೆಗಳನ್ನು ತುಂಗೆಯ ಹಿನ್ನೀರಿಗೆ ಇಳಿಸುವುದನ್ನು ನೋಡಲು ಜನ ಸೇರುತ್ತಾರೆ. ಸಾಕಾನೆಗಳಿಗೆ ಮೈಕ್ರೋಚಿಪ್ ಹಾಕುವ ಪದ್ಧತಿ ನಮ್ಮ ದೇಶದಲ್ಲಿ ಹಲವು ವರ್ಷಗಳಿಂದ ಇದೆ. ಅಲ್ಲಿ ಪಕ್ಕದಲ್ಲಿ ನಿಂತವರ ಮಾತು ಕೇಳಿ. "ಚಿಪ್ ಇರ್ತದಲ್ಲ, ಕಾಡಿಗೆ ತಪ್ಪಿಸ್ಕೊಂಡ್ರೂ ಎಲ್ಲಿದೆ ಅಂತ ಆಫೀಸಲ್ಲೇ ಕೂತು ನೋಡ್ತಾರೆ." ಇದು ಎರಡು ಸುದ್ದಿ ಬೆರೆತು ಆದ ಮಾತು.

ಸಾಕಾನೆಯ ಚರ್ಮದೊಳಗಿನ ಚಿಪ್ ನಾಯಿಯ ಚಿಪ್‌ನ ಜಾತಿಯದೇ. ಇಷ್ಟು ದೊಡ್ಡ ಪ್ರಾಣಿಗೂ ಅಷ್ಟೇ ಪುಟ್ಟ ಗಾಜಿನ ಕೊಳವೆ. ಈ ಆನೆ ಇದೇ ಆನೆ ಅಂತ ಸಾಬೀತು ಮಾಡುವುದು, ಒಂದರ ಹೆಸರಿನ ಕಾಗದದಲ್ಲಿ ಇನ್ನೊಂದನ್ನು ಮಾರದಂತೆ ತಡೆಯುವುದು ಅದರ ಕೆಲಸ. ಓದಬೇಕಾದರೆ ಆನೆಯ ಮೈಗೆ ತಾಗುವಷ್ಟು ಹತ್ತಿರ ಹೋಗಬೇಕು. ಅಷ್ಟು ಹತ್ತಿರ ಹೋದವರಿಗೆ ಆನೆ ಎಲ್ಲಿದೆ ಅಂತ ಹುಡುಕುವ ಕಷ್ಟ ಇರುವುದಿಲ್ಲ ಬಿಡಿ.

ಸಕಲೇಶಪುರ, ಬೇಲೂರು ಕಡೆ ಕಾಫಿ ತೋಟಗಳಿಗೆ ಬರುವ ಕಾಡಾನೆಗಳಿಗೆ ಹಾಕಿದ್ದು ಬೇರೆ. ಅದು ರೇಡಿಯೋ ಕಾಲರ್. ಕುತ್ತಿಗೆಗೆ ಕಟ್ಟುವ ಅಗಲ ಪಟ್ಟಿ. ಅದರಲ್ಲಿ ಜಿಪಿಎಸ್ ಇದೆ, ಸಂದೇಶ ಕಳಿಸುವ ಸಾಧನ ಇದೆ, ಇವೆರಡನ್ನೂ ನಡೆಸುವ ಬ್ಯಾಟರಿ ಇದೆ. ಇಡೀ ಪಟ್ಟಿ ಹಲವು ಕಿಲೋ ತೂಗುತ್ತದೆ. ಬ್ಯಾಟರಿ ಮುಗಿದರೆ ಕೆಲಸ ನಿಂತುಹೋಗುತ್ತದೆ. ದೂರದಿಂದ ಒಂದು ಪ್ರಾಣಿ ಎಲ್ಲಿದೆ ಅಂತ ತಿಳಿಯಲು ಇವತ್ತಿಗೂ ಇಷ್ಟು ಸಾಮಾನು ಹೊರಿಸಬೇಕು. ಕಾಡಾನೆಯನ್ನು ಮದ್ದು ಕೊಟ್ಟು ಕೆಡವಿ, ಜೀವ ಕೈಯಲ್ಲಿ ಹಿಡಿದು ಆ ಪಟ್ಟಿ ಕಟ್ಟುವ ಬದಲು ಧೂಳಿನಷ್ಟು ಚಿಪ್ ಒಂದನ್ನು ಚುಚ್ಚಿ ಬರುವುದು ಸಾಧ್ಯವಿದ್ದಿದ್ದರೆ ಅರಣ್ಯ ಇಲಾಖೆಯವರು ಯಾವತ್ತೋ ಅದನ್ನೇ ಮಾಡುತ್ತಿದ್ದರು.

ದನಗಳ ಕಿವಿಗೆ ಹಾಕುವ ಹಳದಿ ಓಲೆಯನ್ನೂ ಕೆಲವರು ಚಿಪ್ ಅಂದುಕೊಂಡಿದ್ದಾರೆ. ಮಲೆನಾಡು ಗಿಡ್ಡದ ಕಿವಿಯಲ್ಲಿ ಕಾಣುವ ಆ ಓಲೆಯಲ್ಲಿರುವುದು ಹನ್ನೆರಡು ಅಂಕಿಯ ನಂಬರ್ ಮತ್ತು ಬಾರ್‌ಕೋಡ್. ಪ್ಲಾಸ್ಟಿಕ್ ಅಷ್ಟೇ.

ಮನುಷ್ಯರ ಮೈಯಲ್ಲಿ

ಮನುಷ್ಯರು ಚಿಪ್ ಹಾಕಿಸಿಕೊಂಡಿಲ್ಲವೇ? ಹಾಕಿಸಿಕೊಂಡಿದ್ದಾರೆ. 1998ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಕೆವಿನ್ ವಾರ್ವಿಕ್ ತಮ್ಮ ತೋಳಿನಲ್ಲಿ ಒಂದನ್ನು ಇಡಿಸಿಕೊಂಡರು. ಅದು ಸುಮಾರು 23 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ, ಬಾಸ್ಮತಿಯ ಲೆಕ್ಕವೂ ಸಾಲದು. ಒಂಬತ್ತು ದಿನ ಇಟ್ಟುಕೊಂಡು ತೆಗೆಸಿದರು. 2004ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಎಫ್‌ಡಿಎ ಸಂಸ್ಥೆ ವೆರಿಚಿಪ್ ಅನ್ನುವುದಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದವರ ದಾಖಲೆ ತೆಗೆಯಲು ಹದಿನಾರು ಅಂಕಿಯ ನಂಬರ್. ಅಳತೆ ನಾಯಿ ಚಿಪ್‌ನಷ್ಟೇ. ಜನ ಹಾಕಿಸಿಕೊಳ್ಳಲಿಲ್ಲ, 2010ರ ಹೊತ್ತಿಗೆ ಮಾರಾಟ ನಿಂತಿತು. 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಕಂಪನಿಯ ನೌಕರರು ಹೆಬ್ಬೆರಳು, ತೋರುಬೆರಳ ನಡುವೆ ಹಾಕಿಸಿಕೊಂಡು ಕಚೇರಿ ಬಾಗಿಲು ತೆಗೆದರು, ಮೆಷಿನ್‌ನಿಂದ ತಿಂಡಿ ಕೊಂಡರು. ಅದು ಮೊಬೈಲ್ ತಾಗಿಸಿ ಹಣ ಕೊಡಲು ಬಳಸುವ ಎನ್‌ಎಫ್‌ಸಿ ಬಗೆಯದು, ಬೇರೆ ಕಂಪನಾಂಕ. ಓದಲು ಕೈಯನ್ನು ರೀಡರಿಗೆ ಒತ್ತಿಯೇ ಹಿಡಿಯಬೇಕು. ಇಷ್ಟು ವರ್ಷಗಳಲ್ಲಿ ತಂತ್ರಜ್ಞಾನ ಎಷ್ಟೋ ಬದಲಾಯಿತು, ಗಾಜಿನ ಕೊಳವೆ ಮಾತ್ರ ಆ ಅಳತೆ ಬಿಟ್ಟು ಬಹಳ ಕೆಳಗೆ ಇಳಿಯಲಿಲ್ಲ.

2021ರ ಮೇ ತಿಂಗಳಲ್ಲಿ ಮಾತ್ರ ನಿಜಕ್ಕೂ ಚಿಕ್ಕದೊಂದು ಬಂತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಇಡೀ ಸಾಧನವೇ 0.1 ಘನ ಮಿಲಿಮೀಟರಿಗಿಂತ ಕಡಿಮೆ ಇರುವ ಚಿಪ್ ಮಾಡಿ ಇಲಿಗಳಿಗೆ ಚುಚ್ಚಿದರು. ಅದು ಮೈಯೊಳಗಿನ ಉಷ್ಣಾಂಶ ಅಳೆಯುತ್ತದೆ. ಲಸಿಕೆಯ ಕಾಲ, ಸೂಜಿಯಲ್ಲಿ ಹೋಗುವ ಚಿಪ್, ಇನ್ನೇನು ಬೇಕು? ಅದರ ಫೋಟೋ "ಕೊನೆಗೂ ಸಾಬೀತಾಯಿತು" ಅನ್ನುವ ಸಾಲಿನೊಂದಿಗೆ ಓಡಾಡಿತು.

ಅವರು ಅಷ್ಟು ಸಣ್ಣದು ಮಾಡಲು ಆದದ್ದು ರೇಡಿಯೋವನ್ನೇ ಬಿಟ್ಟದ್ದರಿಂದ. ಆ ಚಿಪ್‌ನಲ್ಲಿ ತಾಮ್ರದ ಸುರುಳಿ ಇಲ್ಲ. ಅದರ ಬದಲು ಶಬ್ದದ ಅಲೆಯನ್ನು ವಿದ್ಯುತ್ ಮಾಡುವ ಒಂದು ಪದರ ಇದೆ. ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುವ ಅಲ್ಟ್ರಾಸೌಂಡ್ ಇದೆಯಲ್ಲ, ಅದರಿಂದಲೇ ಇದಕ್ಕೆ ವಿದ್ಯುತ್ತು, ಅದರಿಂದಲೇ ಮಾತು. ಹತ್ತು ಲಕ್ಷ ಹರ್ಟ್ಸ್‌ನಲ್ಲಿ ರೇಡಿಯೋ ಅಲೆಯ ಉದ್ದ ಗಾಳಿಯಲ್ಲಿ 300 ಮೀಟರ್. ಅದೇ ಹರ್ಟ್ಸ್‌ನ ಶಬ್ದ ಮೈಯೊಳಗೆ ಒಂದೂವರೆ ಮಿಲಿಮೀಟರ್. ಅಲೆ ಚಿಕ್ಕದಾದ್ದರಿಂದ ಅದನ್ನು ಹಿಡಿಯುವ ಸಾಧನವೂ ಚಿಕ್ಕದಾಯಿತು, ಮೈಯ ನೀರೂ ಅಷ್ಟಾಗಿ ಅಡ್ಡ ಬರಲಿಲ್ಲ. ಆದರೆ ಶಬ್ದ ಗಾಳಿಗೆ ದಾಟುವ ಜಾಗದಲ್ಲಿ ಹೆಚ್ಚುಕಡಿಮೆ ಪೂರ್ತಿ ವಾಪಸ್ ಚಿಮ್ಮುತ್ತದೆ. ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವುದು ಆ ಗಾಳಿ ಸಂದು ಮುಚ್ಚಲಿಕ್ಕೆ. ಈ ಚಿಪ್ ಓದಬೇಕೆಂದರೂ ಹಾಗೇ, ಪ್ರೋಬನ್ನು ಮೈಗೆ ಒತ್ತಿ ಹಿಡಿಯಬೇಕು.